ಹೊಸ ಗಾಲಿಯನ್ನು ಮೊದಲ ದಿನ ನಂಬಬಾರದು

ಸೈಕಲ್ ರಿಪೇರಿ ಮಾಡುವವನ ಮಗಳಾಗಿ ಹುಟ್ಟಿದವಳ ಹಣೆಬರಹ ಏನೆಂದರೆ, ಅವಳು ಎಂ.ಎಸ್ಸಿ. ಮಾಡಲಿ, ಬಿ.ಎಡ್. ಮಾಡಲಿ, ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಲಿ, ಜನ ಅವಳನ್ನು ತಡೆದು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಹೊಸಾ ಗಾಲಿ ಹಾಕಿಸೀನ್ರಿ, ಮೂರೇ ದಿನಕ್ಕ ಟ್ಯೂಬ್ ಕುಂತದ. ಯಾಕಿರಬೇಕ್ರಿ?" ಬೆಳಕಿನ ವಕ್ರೀಭವನದ ಬಗ್ಗೆ ಇವತ್ತಿನವರೆಗೆ ಯಾರೊಬ್ಬರೂ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಂದು ವರ್ಗವಾಗಿ ಹೋದಲ್ಲೆಲ್ಲ ಈ ಸುದ್ದಿ ನನಗಿಂತ ಮುಂಚೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು. ಹಾಗಾಗಿ ಇಂಥ ಪ್ರಸಂಗಗಳು ನನಗೆ ಆಗುತ್ತಲೇ ಇರುತ್ತವೆ. ಜಾಲಿಮುಳ್ಳು ಗಾಲಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಗಾಲಿಯೂ ಮುಳ್ಳನ್ನು ಹುಡುಕುವುದಿಲ್ಲ. ಆದರೂ ಅವರಿಬ್ಬರ ಭೇಟಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ನನ್ನದಲ್ಲ, ಅಪ್ಪನದು. ಶಹಾಬಾದಿನಲ್ಲಿ ಬೇವಿನ ಮರದ ಕೆಳಗೆ ಅವನದೊಂದು ಚಿಕ್ಕ ದುಕಾನು. ಅವನು ಹೇಳುತ್ತಿದ್ದ: "ಹೊಸಾ ಗಾಲಿ ಅಂದ್ರ ಹೊಸಾ ಅಳಿಯ ಇದ್ದಂಗ. ಹೊಳೀತದ, ಆದ್ರ ಮೊದಲ ದಿನ ನಂಬಬಾರದು. ಟ್ಯೂಬ್ ಹೊರಗಿನ ಮುಳ್ಳಿಗಿಂತ ಒಳಗಿನ ಮುಳ್ಳಿಗೇ ಜಾಸ್ತಿ ಸಾಯ್ತದ." ಅದಕ್ಕೇ ಟ್ಯೂಬು ಹಾಕುವ ಮೊದಲು ಒಂದು ಹಿಡಿ ಹತ್ತಿಯನ್ನು ರಿಮ್ಮಿನ ಒಳಸುತ್ತಿಗೆ ಆಡಿಸಬೇಕು. ಎಲ್ಲಿ ಎಳೆ ಸಿಕ್ಕಿಬೀಳುತ್ತದೋ ಅಲ್ಲಿ ಕಡ್ಡಿಯ, ಅಂದರೆ ಸ್ಪೋಕಿನ, ತುದಿ ತಲೆ ಎತ್ತಿದೆ ಎಂದು ಅರ್ಥ. ಅದನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಮೇಲೆ ಸುತ್ತಲೂ ಬಟ್ಟೆಯ ಪಟ್ಟಿ. ಟ್ಯೂಬಿಗೆ ಪೌಡರ್ ಸವರಿ, ಎರಡು ಉಸಿರಿನಷ್ಟು ಹವಾ ತುಂಬಿ ದುಂಡಗೆ ಮಾಡಿ, ಆಮೇಲೆ ಕೂಡಿಸಬೇಕು. ಟಾಯರನ್ನು ಹೆಬ್ಬೆಟ್ಟಿನಿಂದಲೇ ಒಳಗೆ ತಳ್ಳಬೇಕು, ಕಬ್ಬಿಣ ತಾಗಿಸಬಾರದು.

ಈ ಪಾಠವನ್ನು ನಾನು ಊರೂರಲ್ಲಿ ಒಪ್ಪಿಸಿದ್ದೇನೆ. ನನ್ನ ಕೈಯಿಂದ ಮಾತ್ರ ಒಂದೇ ಒಂದು ಗಾಲಿ ಕೂಡಿಸಿರಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು. ಹತ್ತು ವರ್ಷದವಳಿದ್ದಾಗಿನಿಂದ "ಬಾ, ಕುಂದ್ರು, ಒಂದು ಗಾಲಿ ಕೂಡಸು" ಎನ್ನುತ್ತಿದ್ದ. ನನಗೆ ನಾಳೆ ಪರೀಕ್ಷೆ ಇರುತ್ತಿತ್ತು. ಆಮೇಲೆ ನಾಳೆ ಪರೀಕ್ಷೆ ತೆಗೆದುಕೊಳ್ಳುವುದಿರುತ್ತಿತ್ತು.

ಈ ಬೇಸಿಗೆಯಲ್ಲಿ ಅಪ್ಪ ದುಕಾನು ಬಿಡುವುದೆಂದು ನಿಶ್ಚಯಿಸಿದ. ಕೈ ನಡುಗುತ್ತವೆ. ಮೊಬೈಲ್ ರಿಪೇರಿಯವನೊಬ್ಬ ಜಾಗ ಕೇಳಿದ್ದ. ಅಪ್ಪ ಕೇಳಿದ್ದು ಒಂದೇ ಮಾತು. "ದುಕಾನ ಚಾಲೂ ಮಾಡಿದ ದಿನ ನನ್ನ ಸೈಕಲ್ ಮ್ಯಾಲೆ ಕುಂತು ಬಂದಿದ್ದೆ. ಬೀಗದ ಕೈ ಕೊಡೋ ದಿನಾನೂ ಸೈಕಲ್ ಮ್ಯಾಲೇ ಕುಂತು ಹೋಗ್ತೀನಿ. ರಿಮ್ಮು ಜಂಗ್ ಹಿಡಿದು ಕೆಂಪಾಗ್ಯಾವ, ಹೊಸಾ ಗಾಲಿ ಹಾಕಬೇಕು. ನೀ ಹಾಕು."

ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಅದಕ್ಕೆ ಓಣಿ ನಕ್ಕಷ್ಟು ನಾನು ನಕ್ಕಿಲ್ಲ. ಮೊದಲು ಉಳಿದವು.

೧. ಲಾರಿಗಳ ಮಾಲಕ

ಕಾಲೇಜಿನಲ್ಲಿ ಕಲಬುರಗಿಯ ಒಬ್ಬ ಗೆಳತಿಯಿದ್ದಳು. ಅವಳ ತಂದೆ ದೊಡ್ಡ ವಕೀಲರು. "ನಿಮ್ಮಪ್ಪಾಜಿ ಏನ್ ಮಾಡ್ತಾರ?" ಎಂದು ಮೊದಲ ದಿನವೇ ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು, "ವಾಹನಗಳ ಲೈನಿನಲ್ಲಿದ್ದಾರೆ" ಎಂದೆ. ಪುಸ್ತಕದ ಭಾಷೆಯಲ್ಲಿ ಹೇಳಿದರೆ ಸುಳ್ಳು ಸ್ವಲ್ಪ ಸ್ವಚ್ಛ ಕಾಣುತ್ತದೆ. ಅವಳು ಲಾರಿಗಳೆಂದುಕೊಂಡಳು, ನಾನು ತಿದ್ದಲಿಲ್ಲ.

ಸುಳ್ಳಿಗೆ ಕಾಲಿರುವುದಿಲ್ಲ ಎನ್ನುತ್ತಾರೆ. ಗೆಳತಿಗೆ ಇದ್ದವು. ಒಂದು ಭಾನುವಾರ ಹೇಳದೆ ಕೇಳದೆ ಶಹಾಬಾದಿಗೆ ಬಂದಿಳಿದಳು. ನಮ್ಮ ಮನೆಯ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿಯುತ್ತಿದ್ದಾಗ ಅಪ್ಪ ಊಟಕ್ಕೆಂದು ಬಂದ. ಕೊರಳಲ್ಲಿ ಸತ್ಕಾರದ ಹಾರದ ಹಾಗೆ ಮೂರು ಟ್ಯೂಬು. ಕೈ ಮೊಣಕೈತನಕ ಕರ್ರಗೆ.

ಗೆಳತಿ ಎದ್ದು ನಮಸ್ಕಾರ ಮಾಡಿದಳು. "ಕಾಕಾ, ನಿಮ್ಮವು ಎಷ್ಟು ಗಾಡಿ ಓಡ್ತಾವ್ರಿ?"

ನನಗೆ ಆ ಕಟ್ಟೆಯ ಕಲ್ಲು ಬಾಯಿ ತೆರೆದು ನುಂಗಬಾರದೇ ಅನಿಸಿತು. ಅಪ್ಪ ನನ್ನ ಮುಖ ನೋಡಿದ. ಒಂದು ಗಳಿಗೆ ಅಷ್ಟೇ. ಪಂಕ್ಚರ್ ಎಲ್ಲಿದೆಯೆಂದು ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡುತ್ತಾನಲ್ಲ, ಹಾಗೆ. ಆಮೇಲೆ ಶಾಂತವಾಗಿ, "ಲೆಕ್ಕ ಇಟ್ಟಿಲ್ಲವ್ವ. ಈ ಊರಾಗ ಓಡೋವೆಲ್ಲಾ ನನ್ನ ಕೈಯಾಗಿಂದೇ ಓಡ್ತಾವ" ಎಂದ.

ಗೆಳತಿಗೆ ಭಾಳ ಗೌರವ ಬಂತು. ಅವಳನ್ನು ರೈಲಿಗೆ ಹತ್ತಿಸಿ ಬಂದಾಗ ಅಪ್ಪ ಬಚ್ಚಲ ಹತ್ತಿರ ಕೈ ತೊಳೆಯುತ್ತಿದ್ದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನೇ ಮೊದಲು ಕೇಳಿದ: "ಅಲ್ಲವ್ವಾ, ಲಾರಿ ತಗೊಂಡಿದ್ದು ನನಗ ಯಾಕ ಹೇಳಲಿಲ್ಲ?"

ಕ್ಷಮೆ ಕೇಳುವುದು ಹಾಗೇ ಉಳಿದುಹೋಯಿತು.

೨. ನುಣ್ಣಗಿನ ಪೌಡರು

ಮೊದಲ ನೌಕರಿ ಸೇಡಂನಲ್ಲಿ. ಶಾಲೆಯ ಜವಾನ ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅದೇ ಅವನ ದೋಷ. ಸೈಕಲ್ಲಿಗೆ ಎರಡೂ ಹೊಸ ಗಾಲಿ ತಂದಿದ್ದ. ನಾನು ಇಡೀ ಪಾಠ ಒಪ್ಪಿಸಿದೆ. ಅವನು ಬೆರಳು ಮಡಚಿ ಮಡಚಿ ಲೆಕ್ಕ ಹಿಡಿದ.

"ಪೌಡರ್ ಅಂದ್ರಲ್ರಿ ಮೇಡಂ, ಎಂಥಾ ಪೌಡರ್ರಿ?"

ಗಂಟೆ ಹೊಡೆದಿತ್ತು, ನನಗೆ ಕ್ಲಾಸಿಗೆ ಅವಸರ. "ಯಾವುದಾದ್ರೂ ಆಗ್ತದ. ನುಣ್ಣಗಿದ್ರ ಸಾಕು" ಎಂದು ನಡೆದೆ.

ನಾಲ್ಕನೆಯ ದಿನ ಅವನು ಗಾಲಿಯನ್ನು ಹೆಗಲ ಮೇಲೆ ಹೊತ್ತು ಸ್ಟಾಫ್ ರೂಮಿಗೆ ಬಂದ. ಟಾಯರಿನ ಅಂಚು ಬಾಚಣಿಗೆಯ ಹಲ್ಲಿನ ಹಾಗಿತ್ತು. ಒಳಗಿನ ಟ್ಯೂಬನ್ನು ಎತ್ತಿ ಹಿಡಿದರೆ ಆಚೆ ಕಡೆಯ ಹೆಡ್ ಮಾಸ್ತರರ ಮುಖ ಮೂವತ್ತು ತೂತುಗಳಲ್ಲಿ ಕಾಣುತ್ತಿತ್ತು.

"ಏನ್ ಹಚ್ಚಿದ್ದಿ ಇದಕ್ಕ?"

"ಜ್ವಾಳದ ಹಿಟ್ಟು ಹಚ್ಚೀನ್ರಿ. ನೀವು ನುಣ್ಣಗಿರಬೇಕು ಅಂದಿದ್ರಿ, ಅದಕ್ಕ ಗಿರಣ್ಯಾಗ ಎರಡು ಸಲ ಬೀಸಿಸಿ ತಂದೀನ್ರಿ. ಮನ್ಯಾಗ ಕೂಡ ನಾವು ಅಷ್ಟು ನುಣ್ಣಗ ಉಣ್ಣಂಗಿಲ್ರಿ."

ಮನೆಯಲ್ಲಿದ್ದ ಇಲಿಗಳೆಲ್ಲ ಸೇರಿ ಗಾಲಿಯ ಸುತ್ತ ಪಂಕ್ತಿ ಕೂತು ಉಂಡೆದ್ದಿದ್ದವು. ಹೊಸ ಟಾಯರು, ಹೊಸ ಟ್ಯೂಬು. ಅವನು ಎಷ್ಟು ದಿನ ಕಾದು ತಂದಿದ್ದನೋ. ನಾನು ಒಂದು ನಿಮಿಷ ನಿಂತು "ಮೈಗೆ ಹಚ್ಚುವ ಪೌಡರು" ಎಂದಿದ್ದರೆ ಸಾಕಿತ್ತು.

ಸಂಜೆ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅವನು ಪೂರಾ ಕೇಳಿಕೊಂಡ. ಆಮೇಲೆ, "ಅವಂದೇನೂ ತಪ್ಪಿಲ್ಲ. ಇಲಿಗಳಿಗೆ ಪಲ್ಯ ಮಾಡಿಕೊಟ್ಟಿಲ್ಲ, ಅದೊಂದೇ ತಪ್ಪು" ಎಂದ. ನಕ್ಕು ಮುಗಿಸಿ, "ಅದಿರಲಿ, ನೀನೇ ಕುಂತು ಒಂದು ಗಾಲಿ ಕೂಡಿಸಿ ತೋರಿಸಿದ್ರ ಆಗ್ತಿದ್ದಿಲ್ಲ?" ಎಂದು ಕೇಳಿದ.

ನಾಳೆ ನನ್ನ ಕ್ಲಾಸಿನ ಪರೀಕ್ಷೆ ಇದೆ ಎಂದೆ.

೩. ಗಾಲಿಯೊಳಗಿನ ಅಳತೆ

ಚಿತ್ತಾಪುರದಲ್ಲಿ ನಮ್ಮ ಓಣಿಯ ಟೇಲರು ಹೆಂಗಸರ ಕುಪ್ಪಸ ಹೊಲಿಯುವುದರಲ್ಲಿ ಹೆಸರಾದವನು. ಅವನೂ ಹೊಸ ಗಾಲಿ ಹಾಕಿ ಒಂದೇ ವಾರದಲ್ಲಿ ಎರಡು ಟ್ಯೂಬು ಕಳೆದುಕೊಂಡಿದ್ದ. ನಾನು ಹೇಳಿದೆ: "ರಿಮ್ಮಿನ ಮ್ಯಾಲೆ ಪಟ್ಟಿ ಹಾಕ್ರಿ. ಅಗಲ ಭಾಳ ಇರಬಾರದು, ಎಳೆ ಬಿಚ್ಚಿಕೊಳ್ಳಬಾರದು, ಸುತ್ತಲೂ ಒಂದೇ ಸಮ ಇರಬೇಕು." ಅವನು ಕಣ್ಣು ಮುಚ್ಚಿ ಯೋಚಿಸಿ, "ಅಂಥದ್ದು ನನ್ನ ಹಂತ್ಯಾಕೇ ಅದ ಬಿಡ್ರಿ" ಎಂದ.

ತಿಂಗಳೆರಡು ಕಳೆಯಿತು. ಸನ್ನತಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ರೇಷ್ಮೆ ಸೀರೆಗೆ ಕುಪ್ಪಸ ಹೊಲಿಯಲು ಕೊಟ್ಟಿದ್ದೆ. ಹಿಂದಿನ ಸಂಜೆ ತಂದು ಹಾಕಿಕೊಂಡು ನೋಡಿದರೆ ಅದರೊಳಗೆ ನಾನೂ, ನನ್ನ ಪಕ್ಕದಲ್ಲಿ ಗಣಿತದ ಟೀಚರೂ, ನಡುವೆ ಒಂದು ತಾಟು ಹೋಳಿಗೆಯೂ ಹಿಡಿಸುವಷ್ಟು ಜಾಗ.

ಸಿಟ್ಟಿನಿಂದ ಹೋದೆ. "ಅಳತಿ ಹ್ಯಾಂಗ ತಗೊಂಡಿ? ಟೇಪ್ ತೋರಸು."

ಟೇಲರು ಮೂಲೆಯಲ್ಲಿದ್ದ ಸೈಕಲ್ಲಿನ ಕಡೆ ಕೈ ತೋರಿಸಿದ. "ಅದು ಗಾಲ್ಯಾಗ ಅದರಿ."

"ಏನು?"

"ನೀವೇ ಹೇಳಿದ್ರಲ್ರಿ. ಎಳೆ ಬಿಚ್ಚಬಾರದು, ಒಂದೇ ಸಮ ಇರಬೇಕು. ಟೇಪಿನಂಥಾ ಪಟ್ಟಿ ಜಗತ್ತಿನಾಗ ಎಲ್ಲದರಿ? ಒಂದು ಸಾಲಲಿಲ್ಲ. ನಮ್ಮ ತಮ್ಮನ ಟೇಪೂ ಕತ್ತರಿಸಿ ಕೂಡಿಸೀನಿ. ಹೊಲಿಗಿ ನೋಡ್ರಿ ಬೇಕಾದ್ರ, ಗಾಲಿ ಬಿಚ್ಚತೀನಿ."

ಅವನ ತಮ್ಮನೂ ಟೇಲರು, ಗಂಡಸರದು. ಅಂದರೆ ಊರಿನ ಅರ್ಧ ಗಂಡಸರ, ಅರ್ಧ ಹೆಂಗಸರ ಅಳತೆ ಆ ಒಂದು ಗಾಲಿಯೊಳಗೆ ಸುತ್ತುತ್ತಿತ್ತು.

"ಹೊಸಾ ಟೇಪ್ ತರಬಾರದೇನು?"

"ಅದನ್ನೇ ತರಲಿಕ್ಕ ಪ್ಯಾಟಿಗಿ ಹೊಂಟಿದ್ದೆ, ನೀವು ಬಂದ್ರಿ" ಎಂದವನು ಎರಡು ತಿಂಗಳಿನಿಂದ ಹೊರಟೇ ಇದ್ದವನು. ಆಮೇಲೆ ಬಹಳ ಪ್ರೀತಿಯಿಂದ, "ಆದ್ರ ಒಂದು ಮಾತು ಮೇಡಂ. ನಿಮ್ಮ ಮಾತು ಕೇಳಿದ್ದಕ್ಕ ಇವತ್ತಿನ ತನಾ ಒಂದು ಪಂಕ್ಚರ್ ಇಲ್ಲ ನೋಡ್ರಿ" ಎಂದ.

ಆ ಮದುವೆಯಲ್ಲಿ ನಾನು ಏಳು ಪಿನ್ನು ಚುಚ್ಚಿಕೊಂಡು, ಯಾರಿಗೂ ಬೆನ್ನು ತೋರಿಸದೆ, ಗೋಡೆ ಹಿಡಿದು ಅಕ್ಷತೆ ಹಾಕಿ ಬಂದೆ. ಅವತ್ತಿನಿಂದ ಬಳೆಗೆ ಯಾವಾಗಲೂ ಎರಡು ಪಿನ್ನು ಸಿಗಿಸಿಕೊಂಡಿರುವ ರೂಢಿ ಬಿತ್ತು. ಆ ರೂಢಿ ಬೀಳದೆ ಇದ್ದಿದ್ದರೆ ಎಂದು ಈಗ ಅನಿಸುತ್ತದೆ.

೪. ನೀರುಣಿಸಿದ ಗಾಲಿ

ವಾಡಿಯದು ಚಿಕ್ಕದು. ಅಲ್ಲೊಬ್ಬ ಗೌಂಡಿ, ಮನೆ ಕಟ್ಟುವವನು, ನನ್ನ ಪಾಠವನ್ನೆಲ್ಲ ಕೈಕಟ್ಟಿ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದ. "ಇಷ್ಟೆಲ್ಲಾ ಯಾಕ್ರಿ ಟೀಚರ್? ಹವಾ ಇದ್ರ ತಾನೆ ಹೋಗೋದು?"

ತರ್ಕದಲ್ಲಿ ದೋಷವಿರಲಿಲ್ಲ. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಒಪ್ಪಿಗೆ ಎಂದುಕೊಂಡ.

ಮನೆಗೆ ಹೋದವನೇ ಟ್ಯೂಬು ಕಿತ್ತು ಎಸೆದು, ಎರಡೂ ಟಾಯರಿನೊಳಗೆ ಸಿಮೆಂಟು ಉಸುಕು ಕಲಸಿ ಮೆತ್ತಿದ. ಕಸುಬು ಬಲ್ಲವನು, ಅರ್ಧಂಬರ್ಧ ಬಿಡುವವನಲ್ಲ. ಗೋಣಿತಟ್ಟು ಹೊದಿಸಿ ಏಳು ದಿನ ಮುಂಜಾನೆ ಸಂಜೆ ನೀರು ಹೊಡೆದ. ಎಂಟನೆಯ ದಿನ ನಾಲ್ಕು ಮಂದಿಯನ್ನು ಕರೆದು ಸೈಕಲ್ಲು ಎತ್ತಿಸಿ ನಿಲ್ಲಿಸಿದ.

ಇವತ್ತಿಗೂ ಅದು ಪಂಕ್ಚರ್ ಆಗಿಲ್ಲ. ನಿಲ್ಲಿಸಿದ ಜಾಗದಿಂದ ಕದಲಿಯೂ ಇಲ್ಲ. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತವೆ. ನನ್ನನ್ನು ಕಂಡಾಗಲೆಲ್ಲ ಗೌಂಡಿ ಅಭಿಮಾನದಿಂದ ಹೇಳುತ್ತಾನೆ: "ಬೀಗ ಹಾಕೋ ಫಿಕರ್ ಸುದ್ದಾ ಇಲ್ರಿ."

೫. ಸೀರೆಯ ನೆಪ

ಈಗ ನಾನಿರುವುದು ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ. ಸುತ್ತಲಿನ ಹಳ್ಳಿಗಳಿಂದ ಕೆಲವು ಹುಡುಗಿಯರು ಸೈಕಲ್ಲಿನಲ್ಲಿ ಬರುತ್ತಾರೆ. ಹೋದ ವರ್ಷ ಐನಾಪುರದ ಒಬ್ಬಳ ಗಾಲಿ ಸೊಟ್ಟಗಾಗಿ ಅವಳ ತಂದೆ ಹೊಸದು ತಂದು ಕಳಿಸಿದ್ದ. "ಶಾಲ್ಯಾಗ ಟೀಚರ್ ಬಲ್ಲವರಂತ, ಅವರ ಕೈಲೇ ಹಾಕಿಸ್ಕೊಂಡು ಬಾ" ಎಂದು ಹೇಳಿದ್ದನಂತೆ.

ನಾನು ಬಿಡುವಿನ ವೇಳೆಯಲ್ಲಿ ಹುಡುಗಿಯರನ್ನೆಲ್ಲ ಸುತ್ತ ಕೂಡಿಸಿ ಭರ್ಜರಿ ಪಾಠ ಮಾಡಿದೆ. ಬೋರ್ಡಿನ ಮೇಲೆ ಗಾಲಿ ಬರೆದೆ, ಬಾಣ ಹಾಕಿದೆ. ಒಳಗಿನ ಮುಳ್ಳು, ಹೊರಗಿನ ಮುಳ್ಳು ಎಂದೆ. ಮುಗಿದ ಮೇಲೆ ಆ ಹುಡುಗಿ ನಿಜವಾದ ಗಾಲಿಯನ್ನು ನನ್ನ ಮುಂದೆ ಇಟ್ಟಳು.

"ಈಗ ಹಾಕಿ ತೋರಸ್ರಿ ಟೀಚರ್."

ಮೂವತ್ತು ಜೊತೆ ಕಣ್ಣು. ಹೆಬ್ಬೆಟ್ಟಿನಿಂದ ಟಾಯರು ತಳ್ಳಿ ನನಗೆ ಗೊತ್ತೇ ಇಲ್ಲ. "ನಾನು ಸೀರಿ ಉಟ್ಟೀನಲ್ಲವ್ವ, ಕುಂದರಲಿಕ್ಕ ಬರಂಗಿಲ್ಲ" ಎಂದೆ.

ಹುಡುಗಿ ತಲೆ ತುರಿಸಿಕೊಂಡಳು. ಕುಚೋದ್ಯವೇನಿರಲಿಲ್ಲ, ಖರೇನೇ ಯೋಚನೆಗೆ ಬಿದ್ದಿದ್ದಳು. "ನಮ್ಮವ್ವ ಸೀರಿ ಉಟ್ಟೇ ಎಂಟು ಎಕರೆ ಕಳೆ ತೆಗೀತಾಳಲ್ರಿ?"

ಹಿಂದಿನ ಸಾಲಿನಿಂದ ಒಬ್ಬಳು, "ನಿಮ್ಮವ್ವ ಬಿ.ಎಡ್. ಮಾಡಿಲ್ಲಲೇ" ಎಂದಳು.

ಹುಡುಗಿಯೇ ಕೂತು, ನನ್ನ ಬಾಣಗಳನ್ನು ನೋಡಿಕೊಂಡು, ಹತ್ತಿ ಆಡಿಸಿ, ಕಡ್ಡಿಯ ತುದಿ ಉಜ್ಜಿ, ಪಟ್ಟಿ ಸುತ್ತಿ, ಹೆಬ್ಬೆಟ್ಟಿನಿಂದ ಗಾಲಿ ಕೂಡಿಸಿದಳು. ಅದು ಇನ್ನೂ ಓಡುತ್ತಿದೆ. ಅಪ್ಪನಿಗೆ ಇದನ್ನೂ ಹೇಳಿದೆ. ಅವನು ಈ ಸಲ ನಗಲಿಲ್ಲ. "ಆ ಹುಡಿಗಿಗಿ ನನ್ನ ಶಾಬಾಶ್ ಹೇಳು" ಎಂದು ಫೋನಿಟ್ಟ.

೬. ಕೊನೆಯ ಗಿರಾಕಿ

ಹೀಗಿರುವಾಗ ಅಪ್ಪನ ಆ ಮಾತು ಬಂತು: ನೀ ಹಾಕು.

ಈ ಸಲ ಪರೀಕ್ಷೆಯ ನೆಪವಿರಲಿಲ್ಲ. ಬೇಸಿಗೆ ರಜೆ. ಬೀಗದ ಕೈ ಕೊಡುವ ದಿನ ಬೆಳಕು ಹರಿಯುತ್ತಲೇ ಅಂಗಳದಲ್ಲಿ ಎರಡು ಹೊಸ ಗಾಲಿ, ಹತ್ತಿ, ಅರ, ಪೌಡರ್ ಡಬ್ಬಿ ಎಲ್ಲ ಹರಡಿಕೊಂಡು ಕೂತೆ. ಸೀರೆ ಉಟ್ಟೇ ಕೂತೆ. ಅಪ್ಪ ಕಂಬಳಿ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತ.

"ಆ ಕಡೆ ಯಾಕ ಕುಂತಿ?"

"ಈ ಕಡೆ ಕುಂತ್ರ ನನ್ನ ಬಾಯಿ ಸುಮ್ಮನಿರಂಗಿಲ್ಲ. ಬಾಯಿ ಸುಮ್ಮನಿದ್ರ ಕೈ ಇರಂಗಿಲ್ಲ. ಪೂರಾ ನಿಂದೇ ಆಗಬೇಕು."

ಹಿಂದಿನದು, ಮುಂದಿನದು, ಎರಡೂ ರಿಮ್ಮಿಗೆ ಹತ್ತಿ ಆಡಿಸಿದೆ. ನಾಲ್ಕು ಕಡೆ ಎಳೆ ಸಿಕ್ಕಿತು, ನಾಲ್ಕೂ ಕಡೆ ಉಜ್ಜಿದೆ. ಮತ್ತೆ ಆಡಿಸಿದರೆ ಹತ್ತಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಗೋಡೆಯ ಕಡೆಯಿಂದ ಅಪ್ಪನ ಪ್ರಶ್ನೆಗಳು ಬರುತ್ತಿದ್ದವು.

"ಹತ್ತಿ?"

"ಆಡಿಸೀನಿ."

"ಅರ?"

"ಹಚ್ಚೀನಿ."

ಅವ್ವ ತನ್ನ ಹಳೆಯ ಸೀರೆಯಿಂದ ಎರಡು ಪಟ್ಟಿ ಹರಿದುಕೊಟ್ಟಳು. ಸುತ್ತಿದೆ. ತುದಿ ಜಾರುತ್ತಿತ್ತು. "ಗಂಟ ಹಾಕಬ್ಯಾಡ, ಗಂಟೂ ಒತ್ತತದ. ಸೂಜಿಲೇ ಹೊಲಿ" ಎಂದಿತು ಗೋಡೆ. ಅವ್ವ ಸೂಜಿ ದಾರ ಹುಡುಕುವ ತನಕ ಪಟ್ಟಿ ಬಿಚ್ಚಿಕೊಳ್ಳದಿರಲಿ ಎಂದು ಬಳೆಯಲ್ಲಿದ್ದ ಪಿನ್ನು ತೆಗೆದು ಹಿಂದಿನ ಗಾಲಿಯ ಪಟ್ಟಿಗೆ ಹಾಕಿದೆ. ಮುಂದಿನದನ್ನೂ ಹಾಗೇ ಸಂಭಾಳಿಸಿದೆ.

ಸೂಜಿ ಬಂತು. ದಾರ ಪೋಣಿಸಲು ನನಗೆ ಕನ್ನಡಕ ಬೇಕು. ಕನ್ನಡಕ ತರಲು ಒಳಗೆ ಹೋದೆ. ಅವ್ವ ಚಹಾ ಸೋಸುತ್ತಿದ್ದಳು. ಚಹಾದ ಜೊತೆ ಒಗ್ಗರಣೆ ಹಾಕಿದ ಮಂಡಾಳ, ಮಂಡಾಳದ ಜೊತೆ ಮಾತು. ಹೊರಗೆ ಬಂದಾಗ ಎರಡೂ ಪಟ್ಟಿ ರಿಮ್ಮಿಗೆ ಎಷ್ಟು ಒಪ್ಪವಾಗಿ ಕೂತಿದ್ದವೆಂದರೆ, ನಾನು ಹೊಲಿದು ಮುಗಿಸಿಯೇ ಒಳಗೆ ಹೋಗಿದ್ದೆ ಎಂದು ನನಗೇ ಅನಿಸಿತು.

"ಪಟ್ಟಿ ಹೊಲಿದಿ?" ಎಂದಿತು ಗೋಡೆ.

"ಹೂಂ" ಎಂದೆ.

ಪೌಡರು ಸವರಿ, ಹವಾ ಊದಿ, ಟ್ಯೂಬು ಕೂಡಿಸಿ, ಹೆಬ್ಬೆಟ್ಟು ಕೆಂಪಾಗುವ ತನಕ ಟಾಯರು ತಳ್ಳಿದೆ. ಕೊನೆಯ ಗೇಣು "ಟಪ್" ಎಂದು ಒಳಗೆ ಹೋದಾಗ ಅಪ್ಪ ಬೆನ್ನು ಹಾಕಿ ಕೂತಲ್ಲೇ, "ಇದು ಬರಾಬರ್ ಸಪ್ಪಳ" ಎಂದ. ನಲವತ್ತು ದಾಟಿದ ನನಗೆ ಹತ್ತನೆಯ ಕ್ಲಾಸು ಪಾಸಾದಷ್ಟು ಖುಷಿಯಾಯಿತು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸೈಕಲ್ ಹತ್ತಿದ. ಕೈ ನಡುಗುತ್ತಿದ್ದವು, ಹ್ಯಾಂಡಲ್ ಹಿಡಿದ ಮೇಲೆ ನಿಂತವು. ನಾನು ಹಿಂದೆ ಹಿಂದೆ ನಡೆದೆ. ಮನೆಗಳ ಸಾಲು ಮುಗಿಯಿತು, ಫರಸಿ ಕಲ್ಲು ಪೇರಿಸಿದ ಬಯಲು ಮುಗಿಯಿತು, ಬೇವಿನ ಮರ ಕಂಡಿತು. ಅದರ ಕೆಳಗೆ ದುಕಾನಿನ ಮುಂದೆ ಮೊಬೈಲ್ ರಿಪೇರಿಯವನು ಹೊಸ ಬೋರ್ಡಿಗೆ ಹೂವಿನ ಹಾರ ಹಾಕಿ ಕಾಯುತ್ತಿದ್ದ. ಎದುರಿನ ಕ್ಷೌರದ ಅಂಗಡಿಯವ, ಚಹಾದವ, ಹಳೆಯ ಗಿರಾಕಿಗಳು ಎಂದು ಹತ್ತಿಪ್ಪತ್ತು ಮಂದಿ. ಅಪ್ಪ ಬರುವುದನ್ನು ನೋಡಿ ಕ್ಷೌರದವನು ಕತ್ತರಿ ಹಿಡಿದ ಕೈಯನ್ನೇ ಎತ್ತಿ ಸಲಾಮು ಮಾಡಿದ. ಅಪ್ಪನೂ ಗಂಟೆ ಬಾರಿಸಿದ.

ಇನ್ನು ಹತ್ತು ಮಾರು ಇತ್ತು. ಆಗ "ಪುಸ್ಸ್" ಎಂದಿತು.

ಅಪ್ಪ ಇಳಿದ. ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಅವನು ಗಾಲಿಯನ್ನು ನೋಡಲಿಲ್ಲ, ದುಕಾನನ್ನು ನೋಡಿದ. ಆಮೇಲೆ ಉಳಿದ ಹತ್ತು ಮಾರನ್ನು ಸೈಕಲ್ ನೂಕುತ್ತ ನಡೆದ.

"ಉಸ್ತಾದ, ದುಕಾನ ಮುಚ್ಚೋ ದಿನ ಗಿರಾಕಿಯಾಗಿ ಬಂದೀರಲ್ಲ!" ಎಂದ ಚಹಾದವನು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆದರೆ ಅವನು ಕೊನೆಯ ದಿನ ನಡೆದುಕೊಂಡು ಬಂದನಲ್ಲ ಎಂಬುದು ನನ್ನ ಎದೆಯಲ್ಲಿ ಕಡ್ಡಿಯ ತುದಿಯ ಹಾಗೆ ನಿಂತಿತು.

ಅಪ್ಪ ತನ್ನ ಮಾಮೂಲಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಟಾಯರು ಬಿಚ್ಚಿದ. ಹೊರಗೆಲ್ಲ ಬೆರಳಾಡಿಸಿದ. ಮೂರು ಮಂದಿ ಬಗ್ಗಿ ಮುಳ್ಳು ಹುಡುಕಿದರು. ಏನೂ ಇಲ್ಲ. ಟ್ಯೂಬು ಹೊರಗೆಳೆದ. ಗೇಣುದ್ದ ಸೀಳಿತ್ತು. ಅದರ ಕೆಳಗೆ ಅವ್ವನ ಸೀರೆಯ ಪಟ್ಟಿ. ಪಟ್ಟಿಯ ಮೇಲೆ ಬಾಯಿ ತೆರೆದ ಪಿನ್ನು.

ಅಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಓಣಿಯೇ ನೋಡಿತು. ನಾನು ಬಳೆಯಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಅದೇ ನೋಟ, ಕಟ್ಟೆಯ ಮೇಲೆ ಗೆಳತಿ ಕೂತಿದ್ದ ದಿನದ್ದು.

"ಹ್ಞಾಂ, ಹಾದ್ಯಾಗ ಬಿದ್ದಿತ್ತು ಕಾಣಸ್ತದ, ಚುಚ್ಚ್ಯಾದ" ಎಂದ.

ಕ್ಷೌರದವನು ಸುಮ್ಮನಿರುವವನೇ? "ಹಾದ್ಯಾಗಿನ ಪಿನ್ನು ಟಾಯರ್ ದಾಟಿ, ಟ್ಯೂಬ್ ದಾಟಿ, ಪಟ್ಟಿಗಿ ಹ್ಯಾಂಗ ಹಾಕ್ಕೊಂಡು ಕುಂತಿತು ಉಸ್ತಾದ?"

ಅಪ್ಪ ತಲೆಯೆತ್ತದೆ ಹೇಳಿದ: "ಹೊಸಾ ಗಾಲಿ. ಮೊದಲ ದಿನ ನಂಬಬಾರದು."

ಅವತ್ತು ಓಣಿ ನಕ್ಕ ನಗೆಗೆ ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಮೊಬೈಲಿನವನು ಬೋರ್ಡಿಗೆ ಒರಗಿ ಹೊಟ್ಟೆ ಹಿಡಿದುಕೊಂಡ.

ತೇಪೆ ಹಚ್ಚೋಣವೆಂದರೆ ಸೀಳು ದೊಡ್ಡದು. ಉಳಿದಿದ್ದ ಟ್ಯೂಬುಗಳನ್ನು ಅಪ್ಪ ಹಿಂದಿನ ದಿನವೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ನಲವತ್ತು ವರ್ಷದಲ್ಲಿ ಆ ದುಕಾನಿಗೆ ಬಂದ ಯಾರ ಸೈಕಲ್ಲೂ ಹವಾ ಇಲ್ಲದೆ ಹಿಂದಕ್ಕೆ ಹೋಗಿರಲಿಲ್ಲ. ಅವನದೇ ಹೋಯಿತು. ಬೀಗದ ಕೈ ಕೊಟ್ಟು, ಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ, ಸಡಿಲ ಟಾಯರನ್ನೇ ರಿಮ್ಮಿಗೆ ಸುತ್ತಿ ಎದ್ದ. ಮೊಬೈಲಿನವನು ಸ್ಕೂಟರಿನಲ್ಲಿ ಬಿಡುತ್ತೇನೆಂದ. "ನಮ್ಮ ಗಾಡಿ ಇಲ್ಲೇ ಅದ ನೋಡಪ್ಪ" ಎಂದ ಅಪ್ಪ.

ನಾನು ಹ್ಯಾಂಡಲ್ ಹಿಡಿದು ನೂಕಿದೆ. ಅಪ್ಪ ಪಕ್ಕದಲ್ಲಿ ನಡೆದ. ಕಲ್ಲಿನ ಬಯಲು ಬಂತು. ಹತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಒಂದೇ ಮಧ್ಯಾಹ್ನ, ಆ ಮರದ ಕೆಳಗೆ ಕೂತಿದ್ದರೆ ಎಂದು ಯೋಚಿಸುತ್ತಿದ್ದೆ.

"ಅಪ್ಪ, ನನ್ನಿಂದ ತಪ್ಪಾತು" ಎಂದೆ. ಲಾರಿಯದ್ದೂ ಸೇರಿಸಿ ಹೇಳಿದ್ದು. ಅವನಿಗೆ ತಿಳಿಯಿತೋ ಇಲ್ಲವೋ.

"ಸಪ್ಪಳ ಬರಾಬರ್ ಇತ್ತು. ಹೆಬ್ಬಟ್ಟ ನನ್ನವೇ ಬಂದಾವ ನಿನಗ" ಎಂದ. ಜೇಬಿನಿಂದ ಪಿನ್ನು ತೆಗೆದು ಮಡಚಿ ಕೊಟ್ಟ. "ತಗೋ, ಬಳಿಗಿ ಹಾಕ್ಕೋ. ಜೋಡಿ ಇರ್ತಿದ್ದವಲ್ಲ, ಮತ್ತೊಂದು ಎಲ್ಲದ?"

ಕೈ ಎತ್ತಿ ನೋಡಿದೆ. ಬಳೆ ಖಾಲಿ.

ಇಬ್ಬರೂ ನಿಂತೆವು. ಇಬ್ಬರೂ ಮೆಲ್ಲಗೆ ಮುಂದಿನ ಗಾಲಿಯನ್ನು ನೋಡಿದೆವು. ಅದು ದುಂಡಗೆ, ಗಟ್ಟಿಯಾಗಿ, ಹೊಸ ಅಳಿಯನ ಹಾಗೆ ಹೊಳೆಯುತ್ತ ನಿಂತಿತ್ತು.

ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಸಪ್ಪಳ ಮಾಡದೇ ನೂಕು. ಅದಕ್ಕಿನ್ನಾ ಗೊತ್ತಾಗಿಲ್ಲ."